ನೇತ್ರತಜ್ಞೆಯನ್ನು ಕೇಳಿ: ಬೌದ್ಧ ಸನ್ಯಾಸಿಗಳ ಕಣ್ಣು, ಸುತ್ತಲಿನ ಊರುಗಳ ಕಣ್ಣು

ಪ್ರಶ್ನೆ (ಪಿರಿಯಾಪಟ್ಟಣದ ಶಿಕ್ಷಕಿ): ನಮಸ್ಕಾರ ಡಾಕ್ಟರ್ ಮೇಡಂ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಒಂದು ಮಠದಲ್ಲಿ ಪುಟ್ಟ ಸನ್ಯಾಸಿಗಳಿಗೆ ಕನ್ನಡ, ಲೆಕ್ಕ ಹೇಳಿಕೊಡುತ್ತೇನೆ. ಒಬ್ಬ ಹುಡುಗ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಾನೆ, ಆದರೆ ಹಲಗೆಯ ಮೇಲೆ ಬರೆದದ್ದನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಾನೆ. ಅವನ ಗುರುಗಳಿಗೆ ಹೇಳಿದರೆ, ಚುರುಕು ಹುಡುಗ, ಏನೂ ತೊಂದರೆಯಿಲ್ಲ ಎನ್ನುತ್ತಾರೆ. ನಾನೇ ಪರೀಕ್ಷಿಸಬಹುದೇ?

ಉತ್ತರ: ಖಂಡಿತ ಪರೀಕ್ಷಿಸಬಹುದು, ಮೇಡಂ. ನಿಮ್ಮ ಅನುಮಾನ ಸರಿಯಾಗಿದೆ. ಮಠದ ಓದು ಕಂಠಪಾಠದ ಓದು. ಉದ್ದನೆಯ ಬಿಡಿ ಹಾಳೆಗಳ ಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಬಾಗಿಸಿ, ಗಟ್ಟಿಯಾಗಿ ಹೇಳಿ ಹೇಳಿ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಪ್ರಾರ್ಥನೆಗೆ ಕುಳಿತಾಗ ದೂರದ್ದನ್ನು ಓದುವ ಪ್ರಸಂಗವೇ ಬರುವುದಿಲ್ಲ. ಸಮೀಪದೃಷ್ಟಿಯ ಹುಡುಗನಿಗೆ ಹತ್ತಿರದ ಅಕ್ಷರ ಸ್ಪಷ್ಟವಾಗಿಯೇ ಕಾಣುವುದರಿಂದ ಯಾರಿಗೂ ಸುಳಿವು ಸಿಗುವುದಿಲ್ಲ. ಹಲಗೆ ಇರುವುದು ನಿಮ್ಮ ತರಗತಿಯಲ್ಲಿ, ಹಾಗಾಗಿ ನಿಮಗೇ ಮೊದಲು ಗೊತ್ತಾಗಿದೆ.

ಇಂಗ್ಲಿಷ್ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಮುದ್ರಿಸಿದ ಪಟ ಸಿಗುತ್ತದೆ. ಟಿಬೆಟನ್ ಬಲ್ಲವನಿಗೂ ಕನ್ನಡ ಬಲ್ಲವನಿಗೂ ಅಕ್ಷರವೇ ತಿಳಿಯದವನಿಗೂ ಅದೇ ಪಟ ಸಾಕು. ಅಕ್ಷರದ ಕಾಲುಗಳು ಯಾವ ಕಡೆಗಿವೆಯೋ ಆ ಕಡೆಗೆ ಬೆರಳು ತೋರಿಸಿದರಾಯಿತು. ಒಳ್ಳೆಯ ಬೆಳಕಿನಲ್ಲಿ, ಟೇಪಿನಿಂದ ಅಳೆದು 6 ಮೀಟರ್ ದೂರದಲ್ಲಿ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಲಿ, ಒತ್ತಬಾರದು, ಬೆರಳಸಂದಿಯಿಂದ ಇಣುಕಲೂ ಬಾರದು. ಪ್ರತಿ ಕಣ್ಣನ್ನೂ ಬೇರೆಬೇರೆಯಾಗಿ ನೋಡಲೇಬೇಕು. ಒಂದು ಕಣ್ಣು ಪೂರ್ತಿ ಮಂದವಾಗಿದ್ದರೂ ಇನ್ನೊಂದರ ಬಲದಿಂದ ಮಗು ಓಡಾಡಿಕೊಂಡಿರುತ್ತದೆ. ಈ ಹುಡುಗರಿಗೆ ಬಾಯಿಪಾಠ ಬಹಳ ಬೇಗ ಬರುತ್ತದೆ, ಆದ್ದರಿಂದ ಪ್ರತಿ ಸಲವೂ ಪಟವನ್ನು ತಿರುಗಿಸಿ ಹಿಡಿಯಿರಿ. ಪಟದಲ್ಲಿ 6/9 ಎಂದು ಗುರುತಿಸಿದ ಸಾಲು ತಪ್ಪಿದವರನ್ನೆಲ್ಲ ನೇತ್ರತಜ್ಞರ ಬಳಿಗೆ ಕಳುಹಿಸಿ. ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿಯೇ ಕನ್ನಡಕದ ನಂಬರ್ ನೋಡುತ್ತಾರೆ. ಹನಿ ಹಾಕದೆ ಕೊಟ್ಟ ಮಕ್ಕಳ ಕನ್ನಡಕವನ್ನು ನಾನು ಪೂರ್ತಿ ನಂಬುವುದಿಲ್ಲ.

ಗುರುಗಳಿಗೆ ಒಂದು ಮಾತು ತಿಳಿಸಿ. ಸೋಮಾರಿಗಣ್ಣಿಗೆ (ಬಾಲ್ಯದಲ್ಲಿ ಕಣ್ಣಿನ ನೋಟ ಸರಿಯಾಗಿ ಬೆಳೆಯದೆ ಮಂದವಾಗಿ ಉಳಿಯುವುದಕ್ಕೆ) ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ. ಬಹಳಷ್ಟು ಮಕ್ಕಳು ಮಠ ಸೇರುವುದೂ ಹೆಚ್ಚುಕಡಿಮೆ ಆ ವಯಸ್ಸಿನಲ್ಲೇ. ಸೇರಿಸಿಕೊಂಡ ವಾರದಲ್ಲೇ ಕಣ್ಣು ನೋಡಿಸುವ ಪದ್ಧತಿ ಬರಲಿ. ಗ್ರಂಥ ತೊಡೆಯ ಮೇಲೆ ಬೇಡ, ಕಿರುಮೇಜಿನ ಮೇಲಿರಲಿ. ದಿನಕ್ಕೆ ಎರಡು ಗಂಟೆಯಾದರೂ ಹೊರಗಿನ ಬೆಳಕಿನಲ್ಲಿ ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆ. ಅಂಗಳದಲ್ಲಿ ಚಪ್ಪಾಳೆ ತಟ್ಟುತ್ತಾ ನಡೆಸುವ ತರ್ಕದ ಅಭ್ಯಾಸ ಹಗಲಿನಲ್ಲಿ ನಡೆದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಅದೇ ಶಿಕ್ಷಕಿ: ಹಿರಿಯ ಲಾಮಾಗಳನ್ನೂ ಇದೇ ಪಟದಿಂದ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಅವರಿಗೆ ಅಷ್ಟೇ ಸಾಲದು. 1959ರ ನಂತರ ಟಿಬೆಟ್ ಬಿಟ್ಟು ಬಂದ ತಲೆಮಾರು ಬಾಲ್ಯ, ಯೌವನಗಳನ್ನು ಕಳೆದದ್ದು 4,000 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇ. 10ರಷ್ಟು ಏರುತ್ತದೆ, ಹಿಮದ ಪ್ರತಿಫಲನ ಬೇರೆ. ಕಣ್ಣಿನ ಪೊರೆಗೂ, ಕಣ್ಣಿನ ಮೂಲೆಯಿಂದ ಕರಿಗುಡ್ಡೆಯ ಮೇಲೆ ಮಾಂಸ ಬೆಳೆಯುವುದಕ್ಕೂ ಈ ಬಿಸಿಲು ಒಂದು ಕಾರಣ. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ನನ್ನ ಆತಂಕವಿರುವುದು ಗ್ಲಾಕೋಮಾದ ಬಗ್ಗೆ. ಅದು ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ತಿನ್ನುತ್ತಾ ಬರುತ್ತದೆ. ಪಟದ ಸಣ್ಣ ಸಾಲನ್ನೂ ಓದಬಲ್ಲವರಲ್ಲಿ ಅದು ಇರಬಹುದು, ಹೋದ ದೃಷ್ಟಿ ಮರಳುವುದಿಲ್ಲ. 40 ದಾಟಿದವರಿಗೆ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಆಗಲೇಬೇಕು.

ಹಿರಿಯರನ್ನು "ಕಣ್ಣು ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂದೇ ಉತ್ತರ ಬರುತ್ತದೆ. ಮಂದವಾಗುವುದು ದೇಹದ ಧರ್ಮ ಎಂದು ಒಪ್ಪಿಕೊಂಡಿರುತ್ತಾರೆ. ನಮ್ಮ ಮನೆಗಳಲ್ಲಾದರೆ ಅಜ್ಜ ಚಹಾ ಚೆಲ್ಲಿದ್ದನ್ನು ಸೊಸೆ ಗಮನಿಸುತ್ತಾಳೆ, ಕೋಣೆಯಲ್ಲಿ ಒಬ್ಬರೇ ಇರುವ ಸನ್ಯಾಸಿಯನ್ನು ಗಮನಿಸುವವರು ಯಾರು? ದೂರು ಬರಲಿ ಎಂದು ಕಾಯಬಾರದು, ನಾವೇ ಅವರ ಕೋಣೆಗೆ ಹೋಗಬೇಕು. ಜೊತೆಗೆ ಟಿಬೆಟನ್ ಮಾತನಾಡುವ ಕಿರಿಯ ಸನ್ಯಾಸಿಯೊಬ್ಬರಿರಲಿ.

ಪ್ರಶ್ನೆ (ಔಷಧ ಅಂಗಡಿಯವರು, ಕುಶಾಲನಗರ): ಬೇಸಿಗೆ ಬಂತೆಂದರೆ ಕಣ್ಣು ತುರಿಕೆ ಎಂದು ಹುಡುಗರು ಬಂದು ಹಳೆಯ ಖಾಲಿ ಬಾಟಲಿ ತೋರಿಸಿ ಅದೇ ಹನಿ ಕೇಳುತ್ತಾರೆ. ಸನ್ಯಾಸಿಗಳೂ ಬರುತ್ತಾರೆ, ಊರಿನವರೂ ಬರುತ್ತಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ ಸ್ವಾಮಿ, ಕೈಮುಗಿದು ಕೇಳುತ್ತೇನೆ. ಆ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ಇಳಿಯುತ್ತದೆ, ಅದಕ್ಕೇ ಹುಡುಗರಿಗೆ ಇಷ್ಟ. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ಇಪ್ಪತ್ತರ ವಯಸ್ಸಿಗೇ ಗ್ಲಾಕೋಮಾ, ಪೊರೆ ಎರಡೂ ಬರಬಹುದು. ತಣ್ಣೀರಿನ ಪಟ್ಟಿ ಹಾಕಿಕೊಳ್ಳಲು, ಉಜ್ಜದಿರಲು ಹೇಳಿ ನಮ್ಮ ಕಡೆಗೆ ಕಳುಹಿಸಿ.

ಪ್ರಶ್ನೆ (ಉಪಾಸಕರು, ಬೆಂಗಳೂರು): ನಮ್ಮ ಬೌದ್ಧ ವಿಹಾರದ ಭಂತೇಜಿಗೆ (ಭಿಕ್ಷುಗಳಿಗೆ) ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಧ್ಯಾಹ್ನದ ನಂತರ ಆಹಾರ ಸೇವಿಸುವುದಿಲ್ಲ. ಕಣ್ಣು ಸರಿಯಾಗಿ ಕಾಣುತ್ತಿದೆ, ತಪಾಸಣೆ ಬೇಡ ಎನ್ನುತ್ತಾರೆ. ಹೇಗೆ ಒಪ್ಪಿಸಲಿ?

ಉತ್ತರ: ಸಕ್ಕರೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಹಾಳಾಗುವಾಗ ಮೊದಲ ವರ್ಷಗಳಲ್ಲಿ ದೃಷ್ಟಿ ಸರಿಯಾಗಿಯೇ ಇರುತ್ತದೆ. ಲೇಸರ್, ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುವುದೂ ಬೇಗ ಕಂಡುಹಿಡಿದಾಗಲೇ. ಕಾಣುತ್ತಿದೆ ಎನ್ನುವ ಕಾಲವೇ ತಪಾಸಣೆಯ ಕಾಲ, ವರ್ಷಕ್ಕೊಮ್ಮೆ ತಪ್ಪಬಾರದು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಓದಲು ಆಗುವುದಿಲ್ಲ, ಮೊದಲೇ ತಿಳಿಸಿಡಿ. ವಿಕಾಲ ಭೋಜನ, ಅಂದರೆ ಮಧ್ಯಾಹ್ನದ ನಂತರದ ಊಟ, ತ್ಯಜಿಸಿರುವುದನ್ನು ಮಾತ್ರೆ ಬರೆಯುವ ವೈದ್ಯರಿಗೆ ಬಿಡಿಸಿ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಸಂಜೆ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಒಪ್ಪಿಸುವ ದಾರಿ ಅವರ ಧರ್ಮದಲ್ಲಿಯೇ ಇದೆ. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಮಹಾವಗ್ಗದಲ್ಲಿ ಔಷಧಗಳಿಗೆಂದೇ ಒಂದು ಭಾಗವಿದ್ದು, ಕಣ್ಣುಬೇನೆಯ ಭಿಕ್ಷುವಿಗೆ ಬುದ್ಧ ಅಂಜನ ಹಚ್ಚಿಕೊಳ್ಳಲು ಅನುಮತಿ ಕೊಟ್ಟಿದ್ದಾನೆ. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆ (ಹಳೆಯ ವ್ಯಾಖ್ಯಾನ) ಹೇಳುವ ಚಕ್ಖುಪಾಲ ಥೇರರ ಕಥೆ ಭಂತೇಜಿಗೆ ಗೊತ್ತೇ ಇರುತ್ತದೆ. ಮಳೆಗಾಲದ ಮೂರು ತಿಂಗಳು ಮಲಗುವುದಿಲ್ಲವೆಂದು ವ್ರತ ತೊಟ್ಟವರು, ಮಲಗಿ ಹಾಕಿಕೊಳ್ಳಬೇಕಾದ ಔಷಧವನ್ನು ಕುಳಿತೇ ಹಾಕಿಕೊಂಡರು. ಮಲಗಿದಿರೋ ಕುಳಿತಿರೋ ಎಂದು ವೈದ್ಯ ಮತ್ತೆ ಮತ್ತೆ ಕೇಳಿದರೂ ಅವರು ಮೌನವಾಗಿದ್ದರು. ಎರಡೂ ಕಣ್ಣು ಹೋದವು, ಅದೇ ಕ್ಷಣ ಅರಹಂತರಾದರು, ಅಂದರೆ ಪೂರ್ಣ ಮುಕ್ತಿ ಪಡೆದರು. ಅವರ ಸಾಧನೆಗೆ ನಾನು ತಲೆಬಾಗುತ್ತೇನೆ. ಆದರೆ ಆ ವೈದ್ಯನ ಪ್ರಶ್ನೆಯನ್ನು ನಾನು ದಿನವೂ ಕೇಳುತ್ತೇನೆ: ಹನಿ ಹಾಕಿಕೊಂಡಿರಾ, ಹೇಗೆ ಹಾಕಿಕೊಂಡಿರಿ? ಭಂತೇಜಿ ನಿಜ ಹೇಳಿದರೆ ಸಾಕು, ಅವರ ಶೀಲಕ್ಕೆ ಹೊಂದುವಂತೆ ಸಮಯ ಬದಲಿಸಬಹುದು.

ಪ್ರಶ್ನೆ (ನಿವೃತ್ತ ಶುಶ್ರೂಷಕಿ, ಹುಣಸೂರು): ಬೌದ್ಧರು ನೇತ್ರದಾನ ಮಾಡಬಹುದೇ?

ಉತ್ತರ: ಶ್ರೀಲಂಕಾದಲ್ಲಿ ಹಡ್ಸನ್ ಸಿಲ್ವಾ ಎಂಬ ವೈದ್ಯರು 1961ರಲ್ಲಿ ಕಟ್ಟಿದ ನೇತ್ರದಾನ ಸಂಘ ಹಲವು ದೇಶಗಳಿಗೆ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಕಳುಹಿಸಿದೆ, ಅಲ್ಲಿ ಅದು ದಾನಪಾರಮಿತೆ, ಅಂದರೆ ದಾನದ ಪರಿಪೂರ್ಣತೆ. ಟಿಬೆಟನ್ ಸಂಪ್ರದಾಯದಲ್ಲಿ ಮರಣದ ನಂತರ ಕೆಲಕಾಲ ದೇಹವನ್ನು ಮುಟ್ಟಬಾರದೆನ್ನುವವರಿದ್ದಾರೆ, ನಮಗೋ ಆರು ಗಂಟೆಯೊಳಗೆ ಕಾರ್ನಿಯಾ ಬೇಕು. ಬದುಕಿದ್ದಾಗಲೇ ಅವರ ಇಷ್ಟ ಕೇಳಿಕೊಳ್ಳಿ, ಒತ್ತಾಯ ಬೇಡ.

ಪ್ರಶ್ನೆ (ರೈತರು, ಮುಂಡಗೋಡ): ಇಲ್ಲಿ ಲಾಮಾ ಕ್ಯಾಂಪಿನಲ್ಲಿ ಕಣ್ಣಿನ ಶಿಬಿರವಾಗುತ್ತದಂತೆ, ಊರಿನ ನಾವೂ ಹೋಗಬಹುದೇ? ತಂದೆಯವರಿಗೆ ಪೊರೆ ಇದೆ. ಮೇಲಾಗಿ ಮೂರು ದಿನದ ಹಿಂದೆ ಗೋವಿನಜೋಳದ ಗರಿ ಕಣ್ಣಿಗೆ ಹೊಡೆದು ಕೆಂಪಾಗಿದೆ, ಅಂಗಡಿಯ ಹನಿ ಹಾಕುತ್ತಿದ್ದೇವೆ.

ಉತ್ತರ: ಶಿಬಿರ ನಡೆಸುವವರನ್ನು ಕೇಳಿ ನೋಡಿ, ಊರಿನವರೂ ಬರಲಿ ಎಂಬುದೇ ನನ್ನ ಆಸೆ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡುತನದಲ್ಲಿ ಶೇ. 66ರಷ್ಟಕ್ಕೆ ಪೊರೆಯೇ ಕಾರಣ, ಅದು ಕಾವಿಯನ್ನೂ ಪಂಚೆಯನ್ನೂ ನೋಡಿ ಬರುವುದಿಲ್ಲ. ಪೊರೆ ಕೆಲವು ವಾರ ಕಾಯಬಹುದು.

ಗರಿ ತಗುಲಿದ ಕಣ್ಣು ಕಾಯುವುದಿಲ್ಲ. ಬೆಳೆಯ ಗರಿ, ಭತ್ತದ ಹೊಟ್ಟು ತಗುಲಿದ ಗಾಯಕ್ಕೆ ಬೂಸ್ಟು ಹತ್ತುತ್ತದೆ, ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಕರಿಗುಡ್ಡೆಯನ್ನೇ ಕೊರೆದುಬಿಡಬಹುದು. ಆ ಹನಿ ಈಗಲೇ ನಿಲ್ಲಿಸಿ. ಎದೆಹಾಲು, ಸೊಪ್ಪಿನ ರಸ ಏನನ್ನೂ ಹಾಕಬೇಡಿ. ಕಣ್ಣಿನ ವಿಭಾಗವಿರುವ ಆಸ್ಪತ್ರೆಗೆ ಇಂದೇ ಹೊರಡಿ, ಹಾಕುತ್ತಿದ್ದ ಬಾಟಲಿ ಜೊತೆಗಿರಲಿ.