ಲಿನ್ಯಾಕ್ ಬಿಟ್ಟು ಬಯೋಎಂಜಿನಿಯರಿಂಗ್ ಪಿಎಚ್‌ಡಿಗೆ ಹೋಗಲಾ?

ಬೆಣ್ಣೆದೋಸಿಮೀಟರ್:
ನಮಸ್ಕಾರ. ಊರು ದಾವಣಗೆರೆ, ವಯಸ್ಸು 29. ಎಂಎಸ್ಸಿ ಫಿಸಿಕ್ಸ್ ಆದಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದೆ. ಒಂದು ವರ್ಷದ ಇಂಟರ್ನ್‌ಶಿಪ್ಪೂ ಆಯಿತು. ನಾಲ್ಕು ವರ್ಷದಿಂದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್, ಲಿನ್ಯಾಕ್ ಅಂದರೆ ರೇಡಿಯೇಶನ್ ಕೊಡುವ ಮಷೀನ್ ಜೊತೆ ಕೆಲಸ. ಅಲ್ಲಿನ ಆರ್‌ಎಸ್‌ಒ (ರೇಡಿಯೇಶನ್ ಸುರಕ್ಷತಾ ಅಧಿಕಾರಿ) ಕೂಡ ನಾನೇ. ಬೆಳಿಗ್ಗೆ ಏಳಕ್ಕೆ ಮಷೀನ್ ಔಟ್‌ಪುಟ್ ನೋಡುವುದು, ಹಗಲೆಲ್ಲ ಪ್ಲಾನಿಂಗ್, ಕೊನೆಯ ಪೇಷಂಟ್ ಹೋದಮೇಲೆ ಕ್ಯೂಎ, ಅಂದರೆ ಗುಣಮಟ್ಟದ ಪರೀಕ್ಷೆ.

ಕೆಲಸದ ಬಗ್ಗೆ ಬೇಸರ ಇಲ್ಲ. ಆದರೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಇಬ್ಬರು ಹೆಂಗಸರು, ಇಬ್ಬರಿಗೂ 25 ಫ್ರ್ಯಾಕ್ಷನ್‌ನಲ್ಲಿ (ಅಂದರೆ 25 ಸಲಕ್ಕೆ ಹಂಚಿ) 50 ಗ್ರೇ ರೇಡಿಯೇಶನ್ ಡೋಸ್. ಒಬ್ಬರ ಚರ್ಮ ಸ್ವಲ್ಪ ಕೆಂಪಾಯಿತು. ಇನ್ನೊಬ್ಬರದು ಸುಲಿದೇ ಹೋಯಿತು. ನನ್ನ ಕಂಪ್ಯೂಟರಿನಲ್ಲಿ ಎರಡೂ ಪ್ಲಾನ್ ಹೆಚ್ಚುಕಡಿಮೆ ಒಂದೇ. ಅಂಗಾಂಶದ ಒಳಗೆ ಏನಾಗುತ್ತದೆ ಅಂತ ಕಲಿಯಬೇಕು ಅನಿಸುತ್ತಿದೆ.

ತೊಡಕು ಏನೆಂದರೆ, ಪಿಯುಸಿಯಲ್ಲಿ ನನ್ನದು ಪಿಸಿಎಂಸಿ. ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಅಂಥವರನ್ನು ತಗೊಳ್ತಾರಾ? ಹೋದರೆ ನನ್ನ ಆರ್‌ಎಸ್‌ಒ ಕಥೆ ಏನು? ಅಮ್ಮ ಅಂತೂ "ಕೈಯಲ್ಲಿರೋ ಕೆಲ್ಸ ಬಿಟ್ಟು ಮತ್ತೆ ಬ್ಯಾಗ್ ಹಾಕ್ಕೊಂಡು ಹೊರಡ್ತೀಯಾ" ಅಂತ ಕೇಳಿಯಾಗಿದೆ.

ಗೇಟ್‌ಪಾಸ್:
ಮೊದಲು ಪರೀಕ್ಷೆ ಬರೆಯಿರಿ, ಯೋಚನೆ ಆಮೇಲೆ. ಗೇಟ್‌ನಲ್ಲಿ ಫಿಸಿಕ್ಸ್ ಪತ್ರಿಕೆ ನಿಮಗೆ ಹತ್ತಿರ. 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್ ಪತ್ರಿಕೆಯೂ ಇದೆ. ಸ್ಕೋರ್ 3 ವರ್ಷ ನಡೆಯುತ್ತದೆ. ಸಿಎಸ್‌ಐಆರ್ ನೆಟ್ ಇನ್ನೊಂದು ದಾರಿ. ಬೆಂಗಳೂರಿನ ಐಐಎಸ್ಸಿ, ಬಾಂಬೆ ಮತ್ತು ಮದ್ರಾಸ್ ಐಐಟಿ, ತಿರುವನಂತಪುರದ ಶ್ರೀ ಚಿತ್ರಾ, ನಾಲ್ಕರ ಅರ್ಹತೆ ಪಟ್ಟಿಯನ್ನೂ ಓದಿ.

ಗ್ಯಾಂಟ್ರಿ180:
ನಾನು ಆರು ವರ್ಷ ಲಿನ್ಯಾಕ್ ಹತ್ತಿರ ಇದ್ದು ಆಮೇಲೆ ಪಿಎಚ್‌ಡಿಗೆ ಬಂದವಳು. ಬಯಾಲಜಿ ಗೊತ್ತಿಲ್ಲ ಅಂತ ನಿಮ್ಮಷ್ಟೇ ಹೆದರಿದ್ದೆ.

ಲ್ಯಾಬಿಗೆ ಬಂದ ಎರಡನೇ ತಿಂಗಳು. ಜೊತೆಯ ಹುಡುಗ ಕೋಶಗಳಿಗೆ ರೇಡಿಯೇಶನ್ ಕೊಡಿಸಲು ಆರು ಗುಂಡಿಯ ಪ್ಲೇಟ್ ಹಿಡಿದು ಆಸ್ಪತ್ರೆಗೆ ಹೊರಟ, ಜೊತೆಗೆ ನಾನೂ ಹೋದೆ. ಪ್ಲೇಟನ್ನು ಪೇಷಂಟ್ ಮಲಗುವ ಕೌಚ್ ಮೇಲೆ ಹಾಗೇ ಇಟ್ಟು, ಮೇಲಿನಿಂದ 6 ಎಂವಿ ಎಕ್ಸ್‌ರೇ ಬೀಮ್ ಕೊಡಿಸಿದ. ಪುಸ್ತಕದಲ್ಲಿ 2 ಗ್ರೇ ಅಂತ ಬರೆದುಕೊಂಡ. ನೀವೇ ನೋಡಿ. ಗುಂಡಿಯಲ್ಲಿ 2 ಎಂಎಲ್ ಮೀಡಿಯಾ, ಅಂದರೆ ಎರಡು ಮಿ.ಮೀ. ಎತ್ತರ. ಕೋಶಗಳು ತಳಕ್ಕೆ ಅಂಟಿಕೊಂಡಿವೆ. 6 ಎಂವಿಗೆ ಡೋಸ್ ಪೂರ್ತಿ ಏರುವುದು ಸುಮಾರು 1.5 ಸೆಂ.ಮೀ. ಆಳದಲ್ಲಿ. ಆ ಕೋಶಗಳಿಗೆ 2 ಗ್ರೇ ಎಲ್ಲಿಂದ ಸಿಗಬೇಕು?

ಮುಂದಿನ ವಾರ ಗ್ಯಾಂಟ್ರಿಯನ್ನು (ಬೀಮ್ ಬರುವ ಮಷೀನಿನ ತೋಳು) 180 ಡಿಗ್ರಿಗೆ ತಿರುಗಿಸಿ ಕೆಳಗಿನಿಂದ ಕೊಟ್ಟೆವು. ಡೋಸ್ ಪೂರ್ತಿ ಏರಲಿ ಅಂತ ಪ್ಲೇಟಿನ ಅಡಿಗೆ ಸಾಲಿಡ್ ವಾಟರ್ (ರೇಡಿಯೇಶನ್‌ಗೆ ನೀರಿನಂತೆಯೇ ವರ್ತಿಸುವ ಪ್ಲಾಸ್ಟಿಕ್) ಸ್ಲ್ಯಾಬ್, ಮೇಲೂ ಸ್ಲ್ಯಾಬ್. ತಳದಲ್ಲಿ ಡೋಸ್ ತೋರಿಸುವ ಫಿಲ್ಮ್ ಇಟ್ಟು ಅಳೆದೆ. ಅವನ ಎಂಟು ತಿಂಗಳ ಗ್ರಾಫ್ ಮತ್ತೆ ಮೊದಲಿನಿಂದ ಶುರುವಾಯಿತು. ಪಾಪ, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಿಮ್ಮ ಬಂಡವಾಳ ಇದೇ. ಸಂದರ್ಶನದಲ್ಲಿ "ನನಗೆ ಬಯಾಲಜಿ ಬರಲ್ಲ" ಅಂತ ಶುರು ಮಾಡಬೇಡಿ. ಆ ಇಬ್ಬರು ಪೇಷಂಟ್‌ಗಳ ವಿಷಯ ಹೇಳಿ.

ಕಷ್ಟದ ಕಡೆಯೂ ಕೇಳಿ. ಮೊದಲ ಮೂರು ತಿಂಗಳು ನನ್ನ ಕಲ್ಚರ್ ಎಲ್ಲ ಬೂಷ್ಟು ಹಿಡಿದು ಹೋಯಿತು. ಕ್ಲೋನೋಜೆನಿಕ್ ಪರೀಕ್ಷೆ (ರೇಡಿಯೇಶನ್ ಆದಮೇಲೂ ಎಷ್ಟು ಕೋಶ ಬೆಳೆಯುತ್ತವೆ ಅಂತ ನೋಡುವುದು) 1956ರಲ್ಲಿ ಬಂದದ್ದು, ಇವತ್ತಿಗೂ ಅದೇ ಕೆಲಸ: ಸುಮಾರು ಎರಡು ವಾರ ಕಾಯಬೇಕು, ನೇರಳೆ ಬಣ್ಣ ಹಾಕಬೇಕು, ಕನಿಷ್ಠ 50 ಕೋಶ ಇರುವ ಗುಂಪುಗಳನ್ನು ಎಣಿಸಬೇಕು. ಕ್ಯೂಎ ತಪ್ಪಿದರೆ ಅದೇ ರಾತ್ರಿ ಮತ್ತೆ ಮಾಡಬಹುದು. ಇಲ್ಲಿ ಮತ್ತೆ ಎರಡು ವಾರ! ದುಡ್ಡಿನ ವಿಷಯಕ್ಕೆ ಬಂದರೆ, 2023ರ ದರದಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000, ಎರಡು ವರ್ಷ ಆದಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಸಾಲದ ಕಂತು ಏನಾದರೂ ಇದ್ದರೆ ಮೊದಲು ತೀರಿಸಿ.

ಆರ್‌ಎಸ್‌ಒ ಅನುಮೋದನೆ ನಿಮ್ಮ ಹೆಸರಿನಲ್ಲಿದ್ದರೂ ಅದು ಆ ಆಸ್ಪತ್ರೆಗೆ ಮಾತ್ರ. ಬಿಟ್ಟ ದಿನ ಅದು ಮುಗಿಯಿತು, ಅರ್ಹತೆ ಎಲ್ಲೂ ಹೋಗಲ್ಲ. ಆದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಅವರು ಎಇಆರ್‌ಬಿಯ (ಅಣುಶಕ್ತಿ ನಿಯಂತ್ರಣ ಮಂಡಳಿ) ಆನ್‌ಲೈನ್ ವ್ಯವಸ್ಥೆ ಇ-ಲೋರಾದಲ್ಲಿ ಹಾಕಿ ಒಪ್ಪಿಗೆ ಪಡೆಯಬೇಕು. ಹಾಗಾಗಿ ಬೇಗ ಹೇಳಿ. ನಾನು ತಡವಾಗಿ ಹೇಳಿ ಎಚ್‌ಒಡಿ ಹತ್ತಿರ ಚೆನ್ನಾಗಿ ಬೈಸಿಕೊಂಡೆ, ತಪ್ಪು ನನ್ನದೇ.

ಸಾಗರದಾಚೆ:
ಅಮೆರಿಕದ ಕಡೆ ಕಣ್ಣಿದ್ದರೆ ಒಂದು ಮಾತು. ಇಲ್ಲಿ ಆಸ್ಪತ್ರೆಯಲ್ಲಿ ಫಿಸಿಸಿಸ್ಟ್ ಆಗಲು ಬೋರ್ಡ್ ಪರೀಕ್ಷೆ ಬೇಕು. ಅದಕ್ಕೆ ಕ್ಯಾಂಪೆಪ್ (ಮೆಡಿಕಲ್ ಫಿಸಿಕ್ಸ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಓದು, ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಬರೀ ಬಯೋಎಂಜಿನಿಯರಿಂಗ್ ಪಿಎಚ್‌ಡಿ ಸಾಲದು. ಪಿಎಚ್‌ಡಿ ಆದವರಿಗೆ ಸರ್ಟಿಫಿಕೇಟ್ ಕೋರ್ಸ್ ಇದೆ, ಆದರೆ ರೆಸಿಡೆನ್ಸಿ ತಪ್ಪಲ್ಲ.

ಬೆಣ್ಣೆದೋಸಿಮೀಟರ್:
ಅಮೆರಿಕ ಸದ್ಯಕ್ಕೆ ಬೇಡ, ಅಮ್ಮನಿಗೆ ಬೆಂಗಳೂರೇ ದೂರ. ಗ್ಯಾಂಟ್ರಿ ಅಕ್ಕ, ನಿಮ್ಮ ಪ್ಲೇಟ್ ಕಥೆಯನ್ನು ಮೂರು ಸಲ ಓದಿದೆ. ನಮ್ಮಲ್ಲಿ ಶನಿವಾರ ಮಧ್ಯಾಹ್ನ ಮಷೀನ್ ಖಾಲಿ ಇರುತ್ತದೆ. ಪಕ್ಕದ ಕಾಲೇಜಿನ ಬಯೋಕೆಮಿಸ್ಟ್ರಿ ಮೇಡಂ ಸೆಲ್ ಲೈನ್ ಬೆಳೆಸುತ್ತಾರೆ. ಎಚ್‌ಒಡಿ ಒಪ್ಪಿದರೆ ಸೋಮವಾರವೇ ಕೇಳುತ್ತೇನೆ. ಮೀಡಿಯಾ ಸ್ಲ್ಯಾಬ್ ಮೇಲೆ ಚೆಲ್ಲಿದರೆ?

ಗ್ಯಾಂಟ್ರಿ180:
ಪ್ಲೇಟಿನ ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ ತರಲು ಹೇಳಿ. ಮೊದಲ ಸಲ ಕೋಶ ಬೇಡ, ಬರೀ ನೀರು ಹಾಕಿ ಫಿಲ್ಮ್ ಇಟ್ಟು ಅಳೆಯಿರಿ. ನಂಬರ್ ಬಂದಮೇಲೆ ಇಲ್ಲೇ ಹಾಕಿ, ನೋಡೋಣ.