ಪದ ಬೇಕು (ತುರ್ತು): ಜೀರ್ಣ ಆದ ಮೇಲೆ ಕರುಳು ಮಾಡುವ ಕೆಲಸಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಗೋಡೆಗೆ ಹಾಕುವ ದೊಡ್ಡ ಚಿತ್ರಪಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಾಯಿಯಿಂದ ಗುದದವರೆಗೆ ಆಹಾರ ಹೋಗುವ ದಾರಿ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಲೇಬೇಕು. ಅನ್ನನಾಳ, ಜಠರ, ಪಿತ್ತಕೋಶ ಎಲ್ಲ ಮುಗಿದಿದೆ. ಸಣ್ಣಕರುಳಿನ ಪಕ್ಕ ಎರಡು ಚೌಕ ಉಳಿದಿವೆ: ಒಂದು ಡೈಜೆಷನ್, ಇನ್ನೊಂದು ಅಬ್ಸಾರ್ಪ್ಷನ್. ಮೊದಲನೆಯದಕ್ಕೆ ಜೀರ್ಣಕ್ರಿಯೆ ಅಂತ ಹಾಕಿದ್ದೇನೆ. ಎರಡನೆಯದಕ್ಕೆ ಶೋಷಣೆ, ಅವಶೋಷಣೆ, ಹೀರುವಿಕೆ, ಹೀರಿಕೊಳ್ಳುವಿಕೆ ಇಷ್ಟು ಸಿಕ್ಕಿವೆ. ಕೊನೆಯದು ಚೌಕದಲ್ಲಿ ಕೂರುವುದಿಲ್ಲ. ಐದು ಅಕ್ಷರದ ಒಳಗೆ ಬೇಕು, ದೂರದಿಂದ ಓದಿದರೂ ರೋಗಿಗೆ ತಿಳಿಯಬೇಕು. ಕೆಳಗೆ ಒಂದು ಸಾಲಿಗೆ ಜಾಗ ಇದೆ. 'ಜೀರ್ಣವಾದ ಆಹಾರ ರಕ್ತಕ್ಕೆ ಸೇರುತ್ತದೆ' ಅಂತ ಬರೆದಿದ್ದೇನೆ. ನಡೆಯುತ್ತಾ?

ಉತ್ತರ 1

ಹೀರಿಕೆ. ಮೂರೇ ಅಕ್ಷರ, ಮುಗೀತು.

ಶೋಷಣೆ ಬೇಡವೇ ಬೇಡ. ಅದು ಶುಷ್ ಧಾತುವಿನದು, ಒಣಗುವುದು ಅಂತ ಅರ್ಥ, ಶುಷ್ಕವೂ ಅಲ್ಲಿಂದಲೇ ಬಂತು. ಇವತ್ತು ಶೋಷಣೆ ಅಂದರೆ ಜನಕ್ಕೆ ನೆನಪಾಗುವುದು ದುಡಿಯುವವರ ಶೋಷಣೆ. 'ಅವ' ಅಂಟಿಸಿದರೆ ಆ ವಾಸನೆ ಹೋಗುವುದಿಲ್ಲ. ನಮ್ಮ ಹೀರು ಹಳಗನ್ನಡದ ಪೀರ್. ಪಾಲ್ ಹಾಲಾದ ಹಾಗೆ ಪೀರ್ ಹೀರಾಯಿತು. ಇಷ್ಟು ಹಳೆಯ ಪದ ನಾಲಿಗೆಯ ಮೇಲೇ ಇರುವಾಗ ಕಡ ತರುವುದು ಯಾಕೆ?

ಅಷ್ಟೇ ಅಲ್ಲ, ಮೊದಲ ಚೌಕವೂ ತಪ್ಪು. ಜೀರ್ಣ ಅಂದರೆ ಹಳತಾಗಿ ಸವೆದದ್ದು. ಜರಾ, ಜೀರ್ಣ ಎರಡೂ ಒಂದೇ ಧಾತು. ಗುಡಿಯ ಜೀರ್ಣೋದ್ಧಾರ ಅಂತೀವಲ್ಲ, ಅದೇ ಜೀರ್ಣ. ಹೊಟ್ಟೆಯಲ್ಲಿ ಆಹಾರ ಮುದಿಯಾಗುತ್ತದಾ? ಅರಗುತ್ತದೆ. ಅರಗಿಕೆ, ಹೀರಿಕೆ. ಜೋಡಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಉತ್ತರ 2

ಅರಗಿಕೆ ಅಂತ ಯಾರು ಅಂತಾರೆ ಮೇಷ್ಟ್ರೇ? ಅರಗಿತು, ಅರಗಲಿಲ್ಲ, ಅರಗಿಸಿಕೊಂಡ, ಇವೆಲ್ಲ ಆಡುಮಾತು. ಅರಗಿಕೆ ನೀವು ಈಗ ಕೂತು ಕಟ್ಟಿದ್ದು. ಅಜೀರ್ಣ ಆಗಿದೆ ಅನ್ನೋದನ್ನು ಓದು ಬಾರದವರೂ ಹೇಳುತ್ತಾರೆ. ಅದು ಅವರ ಪದ. ಧಾತು ಕೇಳಿಕೊಂಡು ಯಾರೂ ಹೊಟ್ಟೆನೋವು ಹೇಳುವುದಿಲ್ಲ.

ಧಾತುವೇ ಬೇಕಾದರೆ ಪಚನ ಹಾಕಿ. ಪಚ್ ಅಂದರೆ ಬೇಯಿಸು. ಪಾಕ, ಪಕ್ವ ಅದರವೇ. ಜಠರದಲ್ಲಿ ಪ್ರೋಟೀನನ್ನು ತುಂಡರಿಸುವ ಪೆಪ್ಸಿನ್ ಇದೆಯಲ್ಲ, ಆ ಹೆಸರಿನ ಗ್ರೀಕ್ ಮೂಲಕ್ಕೂ ನಮ್ಮ ಪಚ್ ಧಾತುವಿಗೂ ಒಂದೇ ಬೇರು. ಅಲ್ಲೂ ಬೇಯಿಸುವುದು, ಅರಗಿಸುವುದು ಎರಡಕ್ಕೂ ಒಂದೇ ಕ್ರಿಯಾಪದ.

ಹೀರಿಕೆ ನನಗೆ ಒಪ್ಪಿಗೆಯಿಲ್ಲ. ಹೀರಲು ಬಾಯಿ ಬೇಕು, ಎಳೆಯುವ ಬಲ ಬೇಕು. ಮೈಗೂಡಿಕೆ ಅನ್ನಿ.

ಉತ್ತರ 3

ಮೈಗೂಡಿಕೆ ಬೇಡ. ಅದು ಮುಂದಿನ ಕೆಲಸ, ಒಳಗೆ ಬಂದದ್ದು ಜೀವಕೋಶಗಳಿಗೆ ಸೇರಿ ದೇಹವೇ ಆಗುವುದು. ಜೀರ್ಣ, ಹೀರಿಕೆ, ಮೈಗೂಡಿಕೆ ಮೂರೂ ಬೇರೆ ಬೇರೆ.

ನಾನು ದಿನಾ ರೋಗಿಗಳಿಗೆ ಇದನ್ನೇ ಹೇಳುವವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಒಬ್ಬರಿಗೆ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಅನ್ನುವ ಎನ್ಜೈಮ್ ಕಡಿಮೆ ಅಂದುಕೊಳ್ಳಿ. ಹಾಲಿನ ಸಕ್ಕರೆ ಒಡೆಯುವುದಿಲ್ಲ, ಒಡೆಯದೆ ಕರುಳು ಅದನ್ನು ಒಳಗೆ ಬಿಡುವುದಿಲ್ಲ, ಅದು ಹಾಗೇ ದೊಡ್ಡಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳ ಪಾಲಾಗಿ ಗ್ಯಾಸು, ಉಬ್ಬರ, ಭೇದಿ ಎಲ್ಲ ಶುರುವಾಗುತ್ತದೆ. ಇಲ್ಲಿ ಕೆಟ್ಟಿರುವುದು ಜೀರ್ಣ. ಇನ್ನೊಬ್ಬರಿಗೆ ಬಿ12 ಕೊರತೆ. ಆಹಾರದಲ್ಲಿ ಬಿ12 ಬೇಕಾದಷ್ಟಿದೆ, ಜಠರದಲ್ಲಿ ಬಿಡುಗಡೆಯೂ ಆಗಿದೆ. ಆದರೆ ಜಠರದ ಗೋಡೆಯಿಂದ ಒಸರಬೇಕಾದ ಒಂದು ಪ್ರೋಟೀನ್ ಇಲ್ಲ. ಅದು ಜೊತೆಗಿಲ್ಲದಿದ್ದರೆ ಸಣ್ಣಕರುಳಿನ ಕೊನೆಯ ಭಾಗ ಬಿ12ನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಇಲ್ಲಿ ಕೆಟ್ಟಿರುವುದು ಎರಡನೆಯ ಚೌಕ. ಇಬ್ಬರಿಗೂ 'ಜೀರ್ಣ ಸರಿಯಿಲ್ಲ' ಅಂತ ಹೇಳಿ ಕಳಿಸಿದರೆ ಎರಡನೆಯವರು ಸುಮ್ನೆ ಜೀರ್ಣದ ಮಾತ್ರೆ ನುಂಗುತ್ತಾ ಇರುತ್ತಾರೆ. ಅದಕ್ಕೇ ಎರಡು ಪದ ಬೇಕೇ ಬೇಕು, ಅವು ಒಂದಕ್ಕೊಂದು ಅಂಟಬಾರದು.

ಹೀರುವ ಬಲದ ಮಾತು. ಸಣ್ಣಕರುಳಿನ ಒಳಗೋಡೆ ಮಖಮಲ್ ಬಟ್ಟೆಯ ಹಾಗಿರುತ್ತದೆ. ಆ ಎಳೆಗಳೇ ವಿಲ್ಲೈ, ಒಂದೊಂದೂ ಅರ್ಧದಿಂದ 1 ಮಿಲಿಮೀಟರ್ ಎತ್ತರ. ಪ್ರತಿ ಎಳೆಯ ಒಳಗೆ ರಕ್ತದ ಲೋಮನಾಳಗಳ, ಅಂದರೆ ತೀರಾ ಸಣ್ಣ ನಾಳಗಳ, ಬಲೆ, ನಡುವೆ ಒಂದು ದುಗ್ಧರಸದ (ಲಿಂಫ್ ಅನ್ನುವ ದ್ರವದ) ನಾಳ. ಎಳೆಯ ಮೇಲಿನ ಜೀವಕೋಶಕ್ಕೆ ಇನ್ನೂ ಸಣ್ಣ ಕುಚ್ಚು. ಅಲ್ಲಿ ಗ್ಲೂಕೋಸ್ ಸುಮ್ಮನೆ ಇಂಗುವುದಿಲ್ಲ. ಸೋಡಿಯಂ ಕೈಹಿಡಿದು ಒಳಗೆ ಬರುತ್ತದೆ, ಹಿಂದೆಯೇ ನೀರು ಬರುತ್ತದೆ. ಭೇದಿಯಾದಾಗ ಉಪ್ಪು ಸಕ್ಕರೆ ಎರಡನ್ನೂ ನೀರಿಗೆ ಹಾಕಿ ಕೊಡುವುದು ಇದೇ ಕಾರಣಕ್ಕೆ. ಜೀವಕೋಶ ಶಕ್ತಿ ಖರ್ಚು ಮಾಡಿ ಮಾಡುವ ಕೆಲಸ ಇದು. ಹೀರು ಅನ್ನಲು ಇಷ್ಟು ಬಲ ಸಾಲದಾ?

ಮೇಡಂ, ನಿಮ್ಮ ಕೆಳಗಿನ ಸಾಲು ಬದಲಿಸಿ. ಸಕ್ಕರೆ, ಪ್ರೋಟೀನ್ ಒಡೆದು ಬರುವ ಅಮೈನೋ ಆಮ್ಲ ನೇರ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ದಾರಿ ಬೇರೆ. ಅದರ ಬಹುಪಾಲು ಮೊದಲು ದುಗ್ಧರಸಕ್ಕೆ ಸೇರಿ, ಎದೆಯೊಳಗಿನ ನಾಳದಲ್ಲಿ ಮೇಲೆ ಹತ್ತಿ, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಬೀಳುತ್ತದೆ. ಇನ್ನೊಂದು, ಕರುಳು ಒಳಗೆಳೆಯುವುದು ತಿಂದದ್ದನ್ನು ಮಾತ್ರ ಅಲ್ಲ. ದಿನಕ್ಕೆ ಸುಮಾರು 9 ಲೀಟರ್ ದ್ರವ ಸಣ್ಣಕರುಳಿಗೆ ಬರುತ್ತದೆ. ಅದರಲ್ಲಿ ತಿಂದು ಕುಡಿದದ್ದು 2 ಲೀಟರ್ ಅಷ್ಟೇ, ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಎಲ್ಲ ನಮ್ಮದೇ. ಅಷ್ಟರಲ್ಲಿ ಮಲದ ಜೊತೆ ಹೊರಗೆ ಹೋಗುವುದು 100-200 ಮಿಲಿಲೀಟರ್. 'ಆಹಾರ' ಅಂತ ಮಾತ್ರ ಬರೆದರೆ ಈ ನೀರೆಲ್ಲ ಬಿಟ್ಟುಹೋಗುತ್ತದೆ.

ಉತ್ತರ 4 (ಮೊದಲ ಉತ್ತರದವರೇ)

ಡಾಕ್ಟ್ರೇ, ಹೀರಿಕೆ ಒಪ್ಪಿದ್ದಕ್ಕೆ ಸಂತೋಷ. ಆದರೆ ಲೋಮನಾಳ, ದುಗ್ಧರಸ, ಯಕೃತ್ತು, ಇದೇನು ಕನ್ನಡವಾ? ಕೂದಲುನಾಳ, ಹಾಲ್ರಸ, ಈಲಿ ಅನ್ನಲು ಏನು ಅಡ್ಡಿ? ಎನ್ಜೈಮಿಗೆ ಕಿಣ್ವ ಅಂತ ಪಠ್ಯದಲ್ಲಿ ಮಕ್ಕಳ ತಲೆಗೆ ತುಂಬಿದ್ದಾರೆ, ಒಂದು ಮಗುವಿಗೂ ಅದು ಏನನ್ನೂ ಹೇಳುವುದಿಲ್ಲ.

ಉತ್ತರ 5

ಕಿಣ್ವದ ತಂಟೆಗೆ ಬರಬೇಡಿ. ಸಂಸ್ಕೃತದಲ್ಲಿ ಕಿಣ್ವ ಅಂದರೆ ಮದ್ಯ ಹುಳಿಯಲು ಹಾಕುವ ಹುದುಗು. 1877ರಲ್ಲಿ ವಿಲ್ಹೆಲ್ಮ್ ಕ್ಯೂನ ಎನ್ಜೈಮ್ ಅಂತ ಹೆಸರಿಟ್ಟಾಗ ತೆಗೆದುಕೊಂಡದ್ದೂ ಗ್ರೀಕಿನ 'ಹುದುಗಿನಲ್ಲಿ' ಅನ್ನುವ ಅರ್ಥವನ್ನೇ. ನಮ್ಮಲ್ಲಿ ಇದನ್ನು ಆರಿಸಿದವರು ತಿಳಿದೇ ಆರಿಸಿದ್ದಾರೆ. ದುಗ್ಧರಸವೂ ಹಾಗೇ. ಕೊಬ್ಬಿನ ಊಟದ ನಂತರ ಕರುಳಿನ ದುಗ್ಧರಸ ನಿಜವಾಗಿಯೂ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಡ ತಂದ ಪದ ಅನ್ನುವ ಒಂದೇ ತಪ್ಪಿಗೆ ಇಷ್ಟು ಒಳ್ಳೆಯ ಪದಗಳನ್ನು ಬಿಸಾಡಬೇಕಾ?

ಉತ್ತರ 6 (ಮೊದಲ ಉತ್ತರದವರೇ)

ಬಿಸಾಡಿ ಅಂದಿಲ್ಲ. ಆಸ್ಪತ್ರೆ ಗೋಡೆಗೆ ಬೇಡ ಅಂದೆ. ಅಲ್ಲಿ ನಿಂತು ಓದುವವರು ಭಾಷೆಯ ಪರೀಕ್ಷೆಗೆ ಬಂದವರಲ್ಲ, ನೋವಿಗೆ ಬಂದವರು. ಸಂಸ್ಕೃತದ ಪದ ಗೊತ್ತಿಲ್ಲದ ಒಂದೇ ಕಾರಣಕ್ಕೆ ತಮ್ಮ ಮೈ ಬಗ್ಗೆ ತಮಗೇ ತಿಳಿಯದ ಹಾಗೆ ನಾವು ಮಾಡಿದ್ದೇವೆ. ಇದಕ್ಕೆ ನನಗೆ ಸಿಟ್ಟಿದೆ, ಇದ್ದೇ ಇರುತ್ತದೆ.

ಉತ್ತರ 7

ಎಲ್ಲರಿಗೂ ಧನ್ಯವಾದ. ಈಗ ಕಳಿಸಬೇಕು, ಹೀಗೆ ಹಾಕುತ್ತಿದ್ದೇನೆ. ಮೊದಲ ಚೌಕ: ಜೀರ್ಣ. ಕ್ರಿಯೆ ತೆಗೆದೆ. ಕೆಳಗಿನ ಸಾಲು 'ಆಹಾರ ಒಡೆದು ಸಣ್ಣದಾಗಿ ಅರಗುತ್ತದೆ'. ಎರಡನೆಯ ಚೌಕ: ಹೀರಿಕೆ. ಕೆಳಗೆ 'ಅರಗಿದ ಆಹಾರವನ್ನೂ ನೀರನ್ನೂ ಕರುಳು ದೇಹದೊಳಗೆ ಎಳೆದುಕೊಳ್ಳುತ್ತದೆ'. ರಕ್ತ, ದುಗ್ಧರಸ ಎರಡೂ ಈ ಸಾಲಿನಲ್ಲಿ ಇಲ್ಲ, ಹಾಗಾಗಿ ಕೊಬ್ಬಿಗೂ ಸರಿಹೋಗುತ್ತದೆ ಅಲ್ವಾ ಡಾಕ್ಟ್ರೇ? ವಿಲ್ಲೈ ಹಾಗೇ ಉಳಿಸಿದ್ದೇನೆ, ಚಿತ್ರ ಪಕ್ಕದಲ್ಲೇ ಇದೆ.

ಉತ್ತರ 8

ಸರಿಹೋಗುತ್ತದೆ. ದೊಡ್ಡಕರುಳಿನ ಪಕ್ಕವೂ ಹೀರಿಕೆಯ ಬಣ್ಣವನ್ನೇ ಹಾಕಿ, ಅದೂ ನೀರು, ಉಪ್ಪು ಎಳೆಯುತ್ತದೆ.

ಉತ್ತರ 9 (ಮೊದಲ ಉತ್ತರದವರೇ)

ಕೆಳಗಿನ ಸಾಲಿನಲ್ಲಿ ಅರಗುತ್ತದೆ ಅಂತ ಬರೆದು ಚೌಕದಲ್ಲಿ ಜೀರ್ಣ ಯಾಕೆ? ಮರುಮುದ್ರಣಕ್ಕಾದರೂ ಬದಲಿಸಿ.