ಭುಜದ ನೋವಿಗೆ ಡ್ರೈ ನೀಡ್ಲಿಂಗ್ ಮಾಡಿಸಲೇ, ಕಪ್ಪಿಂಗ್ ಮಾಡಿಸಲೇ?

ಹೊಲಿಗೆ_ಮಷಿನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಿನವಿಡೀ ಮಷಿನ್ ಮುಂದೆ ಕೂತು ಬಟ್ಟೆ ಹೊಲಿಯುವ ಕೆಲಸ ನನ್ನದು. ಕೆಲವು ತಿಂಗಳಿಂದ ಬಲ ಭುಜ ನೋಯುತ್ತಿದೆ. ಭುಜದ ಮುಂಭಾಗದಲ್ಲಿ, ಆಳದಲ್ಲಿ ನೋವು. ಅಲ್ಲಿಂದ ತೋಳಿಗೆ ಇಳಿಯುತ್ತದೆ. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಕೈಯನ್ನು ಬೆನ್ನ ಹಿಂದೆ ತರುವುದಂತೂ ಕಷ್ಟ. ಎಕ್ಸ್-ರೇಯಲ್ಲಿ ಏನೂ ಇಲ್ಲ ಎಂದು ಡಾಕ್ಟರ್ ಫಿಸಿಯೋ ಹತ್ತಿರ ಕಳಿಸಿದರು.

ಅವರು ಬೆನ್ನಿನ ಕಡೆ, ಹೆಗಲ ಮೂಳೆಯ ಮೇಲೆ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಭುಜದ ಮುಂದಿನ ಅದೇ ನೋವು ಎದ್ದು ಬಂತು! ಒತ್ತಿದ್ದು ಹಿಂದೆ, ನೋವು ಮುಂದೆ. ಅಲ್ಲಿಗೆ ಡ್ರೈ ನೀಡ್ಲಿಂಗ್, ಅಂದರೆ ಔಷಧಿ ಇಲ್ಲದ ಬರೀ ಸೂಜಿ ಚುಚ್ಚುವುದು, ಮಾಡೋಣ ಎನ್ನುತ್ತಿದ್ದಾರೆ. ನನಗೆ ಸೂಜಿ ಕಂಡರೆ ಭಯ. ಜೊತೆಗೆ ಕೆಲಸ ಮಾಡುವ ಅಕ್ಕ, "ಚರ್ಮಕ್ಕೆ ಕಪ್ ಅಂಟಿಸಿ ಹೀರುವ ಕಪ್ಪಿಂಗ್ ಮಾಡಿಸು, ಕೆಟ್ಟ ರಕ್ತವೆಲ್ಲ ಮೇಲೆ ಬರುತ್ತದೆ" ಎನ್ನುತ್ತಾರೆ. ಯಾವುದು ಒಳ್ಳೆಯದು? ಅಮ್ಮನಿಗೂ ಮಂಡಿ ಸವೆದು ನೋವಿದೆ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೂ ಇವನ್ನು ಮಾಡಿಸಬಹುದಾ?

ಓಟದ_ಹುಚ್ಚು:

ನಾನು ಕಪ್ಪಿಂಗ್ ಮಾಡಿಸಿಕೊಂಡಿದ್ದೇನೆ, ಮೀನಖಂಡ ಮತ್ತು ಸೊಂಟಕ್ಕೆ. ಪಂಪ್‌ನಿಂದ ಗಾಳಿ ಎಳೆಯುವ ಪ್ಲಾಸ್ಟಿಕ್ ಕಪ್ಪುಗಳು. ಬಿಗಿತ ಸಡಿಲವಾಗಿ ಹಾಯೆನಿಸುವುದು ನಿಜ. ಆದರೆ ನನಗೆ ಒಂದೆರಡು ದಿನಕ್ಕಿಂತ ಜಾಸ್ತಿ ಉಳಿಯಲಿಲ್ಲ. ಗುಂಡನೆಯ ಕಲೆಗಳು ಮಾತ್ರ ಒಂದು ವಾರ ಇದ್ದವು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೆ ಕಂಡವಲ್ಲ, ಅಂಥವೇ.

ಫಿಸಿಯೋ_ಮೇಜು:

ನಾನು ಫಿಸಿಯೋಥೆರಪಿಸ್ಟ್. ಎರಡನ್ನೂ ಮಾಡುತ್ತೇನೆ, ಹಾಗಾಗಿ ಯಾವುದರ ವಿರೋಧಿಯೂ ಅಲ್ಲ.

ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಫಿಸಿಯೋ ಒತ್ತಿದ ಜಾಗ ಇನ್‌ಫ್ರಾಸ್ಪೈನೇಟಸ್ ಎಂಬ ಸ್ನಾಯು ಇರಬೇಕು. ಹೆಗಲ ಮೂಳೆಯನ್ನು ಹಿಂದಿನಿಂದ ಹೊದ್ದುಕೊಂಡಿರುತ್ತದೆ. ಇದರಲ್ಲಿ ಬಿಗಿದ ಗಂಟು, ಅಂದರೆ ಟ್ರಿಗರ್ ಪಾಯಿಂಟ್ ಇದ್ದರೆ ನೋವು ಭುಜದ ಮುಂದೆ, ತೋಳಿನ ಉದ್ದಕ್ಕೂ ಕಾಣಿಸುತ್ತದೆ. ಯಾವ ಸ್ನಾಯುವಿನ ನೋವು ಎಲ್ಲಿ ಕಾಣಿಸುತ್ತದೆ ಎಂಬುದನ್ನು ಕೂಲಂಕಷವಾಗಿ ಗುರುತಿಸಿದವರಲ್ಲಿ ಜಾನೆಟ್ ಟ್ರಾವೆಲ್ ಮುಖ್ಯರು. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರು. ಅವರು ಆ ಗಂಟುಗಳಿಗೆ ಔಷಧಿ ಚುಚ್ಚುತ್ತಿದ್ದರು. 1979ರಲ್ಲಿ ಚೆಕ್ ವೈದ್ಯ ಕಾರೆಲ್ ಲೆವಿಟ್, ಔಷಧಿ ಇಲ್ಲದ ಬರೀ ಸೂಜಿಯಿಂದಲೂ ನೋವು ಇಳಿಯುತ್ತದೆ ಎಂದು ಬರೆದರು. ಇವತ್ತಿನ ಡ್ರೈ ನೀಡ್ಲಿಂಗ್ ಬೆಳೆದದ್ದು ಆ ದಾರಿಯಲ್ಲಿ.

ಸೂಜಿಯ ಭಯ ಅರ್ಥವಾಗುತ್ತದೆ. ಆದರೆ ಇದು ಇಂಜೆಕ್ಷನ್ ಸೂಜಿಯಲ್ಲ. ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್ ದಪ್ಪ, ಒಳಗೆ ತೂತಿಲ್ಲ. ಚರ್ಮ ದಾಟುವುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಗಂಟಿಗೆ ತಾಗಿದಾಗ ಮಾತ್ರ ಸ್ನಾಯು ತಟ್ಟನೆ ಅದುರುತ್ತದೆ, ಒಳಗೆ ಮೀನು ಹೊರಳಿದ ಹಾಗೆ. ಆ ಕ್ಷಣ ಒಂದು ಮಂದ ನೋವು ಬರುತ್ತದೆ. ಆಮೇಲೆ ಒಂದೆರಡು ದಿನ ಮೈಕೈ ನೋವಿನಂತೆ ಇರುತ್ತದೆ, ಹೋಗುತ್ತದೆ. ತಲೆ ಸುತ್ತುವವರೂ ಇದ್ದಾರೆ. ಅದಕ್ಕೇ ಭಯವಿರುವವರಿಗೆ ಮಲಗಿಸಿಯೇ ಮಾಡಬೇಕು. ಬೇಡ ಎನಿಸಿದರೆ ಬೇಡ ಎನ್ನಿ, ಕೈಯಿಂದ ಒತ್ತಿಯೂ ಆ ಗಂಟನ್ನು ಸಡಿಲಿಸಬಹುದು.

ಅಪಾಯದ ಬಗ್ಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಜನ ಕೇಳುವುದೇ ಇಲ್ಲ. ಎದೆಗೂಡಿನ ಸುತ್ತ ಮತ್ತು ಕುತ್ತಿಗೆ-ಹೆಗಲು ಸೇರುವ ಕಡೆ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು. ಅಪರೂಪ, ಆದರೆ ಆಗಿದೆ. ನಿಮ್ಮ ಜಾಗದಲ್ಲಿ ಸೂಜಿಗೂ ಶ್ವಾಸಕೋಶಕ್ಕೂ ನಡುವೆ ಹೆಗಲ ಮೂಳೆ ಅಡ್ಡ ಇರುತ್ತದೆ, ಆದ್ದರಿಂದ ಅಪಾಯ ಕಡಿಮೆ. ಹಾಗಿದ್ದರೂ ಚುಚ್ಚುವವರು ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ಕೇಳಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಮಾಡಿಸಿಕೊಂಡ ಮೇಲೆ ಉಸಿರು ಕಟ್ಟಿದರೆ ಅಥವಾ ಎದೆಯಲ್ಲಿ ಚುಚ್ಚಿದಂತೆ ನೋವು ಬಂದರೆ ಮನೆಯಲ್ಲಿ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಇನ್ನು ಕಪ್ಪಿಂಗ್. ಆ ಕಪ್ ಚರ್ಮವನ್ನು ಮೇಲಕ್ಕೆ ಹೀರುತ್ತದೆ, ಸಣ್ಣ ರಕ್ತನಾಳಗಳು ಒಡೆದು ಕಲೆ ಬೀಳುತ್ತದೆ. ಅಷ್ಟೇ. ಕೆಟ್ಟ ರಕ್ತ, ವಿಷ ಯಾವುದೂ ಮೇಲೆ ಬರುವುದಿಲ್ಲ. ಕಲೆ ಕಪ್ಪಾದಷ್ಟೂ ಕಾಯಿಲೆ ಜಾಸ್ತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೀರಿದ್ದು ಜೋರಾಗಿತ್ತು ಅಥವಾ ಹೊತ್ತು ಜಾಸ್ತಿಯಾಯಿತು ಎಂದಷ್ಟೇ ಅದರ ಅರ್ಥ. ಬೆಂಕಿ ಹಚ್ಚಿ ಕೂರಿಸುವ ಕಪ್ಪಿನಿಂದ ಸುಟ್ಟ ಗಾಯಗಳಾಗುತ್ತವೆ. ಚರ್ಮ ಗೀರಿ ರಕ್ತ ತೆಗೆಯುವ ಹಿಜಾಮಾದಲ್ಲಿ ಉಪಕರಣ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್‌ನಂಥ ಸೋಂಕಿನ ಅಪಾಯವೂ ಸೇರುತ್ತದೆ.

ಎರಡರಲ್ಲಿ ಆರಿಸಿ ಎಂದರೆ, ನಿಮ್ಮಂತೆ ಒತ್ತಿದರೆ ಸಿಗುವ ಒಂದು ನಿರ್ದಿಷ್ಟ ಗಂಟಿಗೆ ನಾನು ಸೂಜಿಯನ್ನೇ ಆರಿಸುತ್ತೇನೆ. ಬೆನ್ನು ಪೂರ್ತಿ ಬಿಗಿದವರಿಗೆ ಕಪ್ಪಿಂಗ್. ಆದರೆ ಎರಡೂ ಕೊಡುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳ ಬಿಡುವು. ಆ ಬಿಡುವಿನಲ್ಲಿ ಭುಜಕ್ಕೆ ಬಲ ತುಂಬುವ ವ್ಯಾಯಾಮ ಶುರುವಾಗಬೇಕು. ಬರೀ ಚುಚ್ಚಿಸಿಕೊಂಡು ಮತ್ತೆ ಅದೇ ಮಷಿನ್, ಅದೇ ಎತ್ತರದ ಕುರ್ಚಿಗೆ ಹೋದರೆ ಗಂಟು ವಾಪಸ್ ಬರುತ್ತದೆ. ವ್ಯಾಯಾಮ ಹೇಳಿಕೊಡದೆ ಸುಮ್ನೆ ವಾರವಾರ ಚುಚ್ಚುತ್ತಲೇ ಇರುವವರ ಹತ್ತಿರ ಹೋಗಬೇಡಿ.

ಹೊಲಿಗೆ_ಮಷಿನ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಯಾವ ವ್ಯಾಯಾಮ? ನೋವಿದ್ದಾಗಲೂ ಮಾಡಬಹುದಾ? ಅಮ್ಮನ ವಿಷಯ ಬಿಟ್ಟುಹೋಯಿತು ಅಲ್ವಾ?

ಫಿಸಿಯೋ_ಮೇಜು:

ಮೊಣಕೈಯನ್ನು ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಚಿ. ಮುಂಗೈಯ ಹಿಂಬದಿಯನ್ನು ಗೋಡೆಗೆ ಇಟ್ಟು ಹೊರಕ್ಕೆ ತಳ್ಳಿ, ಕೈ ಅಲುಗಬಾರದು. ಕೆಲವು ಸೆಕೆಂಡ್ ಹಿಡಿದು ಬಿಡಿ. ಇದು ಸುಲಭವಾದ ಮೇಲೆ ರಬ್ಬರ್ ಬ್ಯಾಂಡ್ ಎಳೆಯುವುದಕ್ಕೆ ಹೋಗಿ. ಸ್ವಲ್ಪ ನೋವು ಬಂದರೆ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ಹಿಂದಿಗಿಂತ ಜಾಸ್ತಿ ನೋವಿದ್ದರೆ ಒತ್ತುವ ಬಲ ಕಡಿಮೆ ಮಾಡಿ.

ಅಮ್ಮನಿಗೆ ಹಿಜಾಮಾ ಬೇಡವೇ ಬೇಡ. ಸೂಜಿ ಅಥವಾ ಸಾದಾ ಕಪ್ಪಿಂಗ್ ಎಂದರೂ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕು. ಚಿಕಿತ್ಸೆಗೋಸ್ಕರ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಅದು ನಿಜಕ್ಕೂ ಪ್ರಾಣಕ್ಕೆ ಅಪಾಯ. ಸವೆದ ಮಂಡಿಯ ಮೃದು ಎಲುಬನ್ನು ಸೂಜಿಯೂ ಕಪ್ಪೂ ಮತ್ತೆ ಬೆಳೆಸಲಾರವು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮಂಡಿ ನೋವು ಇಳಿಯುತ್ತದೆ. ಕುರ್ಚಿಯಿಂದ ಕೈ ಊರದೆ ನಿಧಾನ ಎದ್ದು ಕೂರುವುದರಿಂದ ಶುರು ಮಾಡಿಸಿ, ಬೇಕಿದ್ದರೆ ಮೊದಮೊದಲು ಎತ್ತರದ ಕುರ್ಚಿ ಇಡಿ. ಮಂಡಿ ಊದಿ ಬಿಸಿಯಾಗಿದ್ದರೆ, ಜೊತೆಗೆ ಜ್ವರವೂ ಇದ್ದರೆ, ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ.